ಕಾಳಿನ ಹೊಟ್ಟೆಯೊಳಗಿನ ಕಪ್ಪು

"ಕೈ ತಗೀರಿ ಫೌಜದಾರ್ರ. ಅದು ನಿಮ್ಮಪ್ಪ ಜ್ವಾಳಾ ತುಂಬಿಟ್ಟ ಹಗೇವ ಅಲ್ಲ."

ಉಳವಪ್ಪ ಕೈ ತೆಗೆಯಲಿಲ್ಲ. ಅಂಗಿಯ ತೋಳು ಮಡಚಿ, ಸಾಗವಾನಿ ತೊಟ್ಟಿಯ ಅಂಚಿಗೆ ಎದೆಯೊತ್ತಿ ನಿಂತು, ಮೊಣಕೈವರೆಗೆ ಮುಳುಗಿಸಿದ್ದ. ನೀರು ಕೂಸಿನ ಮೈಮೇಲೆ ಹೊಯ್ಯುವಷ್ಟು ಹದವಾಗಿ ಬೆಚ್ಚಗಿತ್ತು. ವಾಸನೆ ಮಾತ್ರ ಹಳಸಿದ ಅನ್ನದ್ದು. ಬೊಗಸೆ ತುಂಬ ಎತ್ತಿದ. ಬೆರಳ ಸಂದಿಯಿಂದ ನೀರು ಸೋರಿಹೋಗಿ, ಸಾಬೂದಾಣಿಯಂಥ ಬೆಳ್ಳನೆಯ ಕಾಳುಗಳು ಅಂಗೈಯಲ್ಲಿ ಉಳಿದವು.

"ಟೊಪ್ಪಿಗಿ ಕಸಗೊಂಡು ಮನೀಗೆ ಕಳಿಸಿದ್ರೂ ಚಾಳಿ ಹೋಗಿಲ್ಲಲಾ!" ಬಾಗಿಲಲ್ಲಿ ನಿಂತ ನಾಗಲಿಂಗಪ್ಪ ಸಾವುಕಾರ ನಕ್ಕ. ನಗು ಹಲ್ಲಿನಿಂದ ಈಚೆಗೆ ಬರಲಿಲ್ಲ.

ದಾಂಡೇಲಿಯ, ಬಟ್ಟೆಯ ಗಂಜಿ ಬಿಡಿಸುವ ರಸದ ಕಾರ್ಖಾನೆಯಲ್ಲಿ ನಾಗಲಿಂಗಪ್ಪನದು ಅರ್ಧ ಪಾಲು. ಮುಂಡಗೋಡದಲ್ಲಿ ಮಳಗಿ ರಸ್ತೆಗೆ ಹಚ್ಚಿ ಕಟ್ಟಿಸಿದ ಈ ತಗಡಿನ ಶೆಡ್ಡು ಪೂರ್ತಿ ಅವನದೇ. ದಾಂಡೇಲಿ ಕಾರ್ಖಾನೆಯ ಕೆಮಿಸ್ಟ್ ಶೇಖಪ್ಪ ತಲೆಯ ಹಿಂಭಾಗ ಒಡೆದುಕೊಂಡು ಕಾಳಿ ಹೊಳೆಯಲ್ಲಿ ತೇಲಿದ್ದ. ಅಲ್ಲೇ ತೊಟ್ಟಿ ನೋಡಿಕೊಳ್ಳುತ್ತಿದ್ದ ಸಾತಪ್ಪ ಆ ಕೊಲೆಯ ಆರೋಪದ ಮೇಲೆ ಹಳಿಯಾಳದ ಲಾಕಪ್ಪಿನಲ್ಲಿದ್ದ. ನಾಳೆ ಅವನಿಗೆ ಬೇಡಿ ಹಾಕಿ ಕಾರವಾರಕ್ಕೆ ಒಯ್ಯುವವರಿದ್ದರು. ಕಾರವಾರದ ಕೋರ್ಟಿಗೆ ಹೋದ ಕೊಲೆಯ ಕೇಸು ಹಗ್ಗ ಕಾಣದೆ ತಿರುಗಿ ಬರುವುದು ಅಪರೂಪ.

ಉಳವಪ್ಪ ಈಗ ಪೊಲೀಸ್ ಫೌಜದಾರನಲ್ಲ. ಮೇಲಿನವರ ಮುಖಕ್ಕೆ ಹೇಳಬಾರದ ಮಾತು ಹೇಳಿ ಕೆಲಸ ಕಳೆದುಕೊಂಡವನು, ಹಳಿಯಾಳದ ವಕೀಲರೊಬ್ಬರಿಗೆ ಸಾಕ್ಷಿ ಹುಡುಕಿಕೊಡುತ್ತ ಹೊಟ್ಟೆ ಹೊರೆಯುತ್ತಿದ್ದ. ಸಾತಪ್ಪನ ಹೆಂಡತಿ ಯಲ್ಲವ್ವ ಆ ವಕೀಲರ ಜಗಲಿಯ ಮೇಲೆ ಬಂದು ಕೂತವಳು ಎದ್ದಿರಲಿಲ್ಲ. ಇವತ್ತೂ ಬೆನ್ನು ಬಿಡದೆ ಬಸ್ಸು ಹತ್ತಿ ಬಂದಿದ್ದಳು. ಹೊರಗೆ ಹುಣಸೆಮರದ ಬುಡದಲ್ಲಿ ಕೂತಿದ್ದಳು.

"ಹುಬ್ಬಳ್ಳಿ ಗಿರಣಿಯವರು ಇನ್ನೇನ ಬಂದ್ರು. ಅವರು ಬರೂದ್ರಾಗ ನೀವು ಜಾಗಾ ಖಾಲಿ ಮಾಡಿರಬೇಕು," ಎಂದ ನಾಗಲಿಂಗಪ್ಪ.

"ಗಿರಣಿಯವರಿಗೆ ಏನ್ ತೋರಸ್ತೀರಿ?"

"ನೋಡ್ತೀರೇನ? ನೋಡ್ರಿ. ಕಣ್ಣ ತುಂಬಸ್ಕೊಂಡು ಹೋಗ್ರಿ."

ನಾಗಲಿಂಗಪ್ಪನಿಗೆ ತೋರಿಸುವ ಚಟ. ಮೇಜಿನ ಮೇಲೆ ಒಂದು ಗ್ಲಾಸು ತಿಳಿಗಂಜಿ ಇಟ್ಟ. ಅಯೋಡಿನ್ನಿನ ಹನಿ ಬಿಟ್ಟ. ಗಂಜಿ ನೀಲಿಗೆ ತಿರುಗಿತು. ತೊಟ್ಟಿಯ ರಸ ಸೋಸಿ ಒಂದು ಚಮಚ ಸುರಿದು ಅಲ್ಲಾಡಿಸಿದ. ನೀಲಿ ಕೆಂಪಾಯಿತು, ಕೆಂಪು ತಿಳಿಯಾಯಿತು, ನೋಡನೋಡುತ್ತ ಗ್ಲಾಸಿನಲ್ಲಿ ಬರೀ ನೀರು ನಿಂತಂತಾಯಿತು.

ಗಂಜಿ ತಿನ್ನುವ ಈ ರಸ ಮೊದಲೆಲ್ಲ ಪುಡಿಯಾಗಿ, ತಗಡಿನ ಡಬ್ಬಿಯಲ್ಲಿ, ಹಡಗು ಹತ್ತಿ ಮುಂಬಯಿಗೆ ಬರುತ್ತಿತ್ತು. ಚೀನಾ ಯುದ್ಧದ ಮೇಲೆ ಪರದೇಶದ ಡಬ್ಬಿಗೆ ಪರವಾನಗಿ ಸಿಗುವುದೇ ಕಷ್ಟವಾಗಿ, ನೂಲಿನ ಗಂಜಿ ತೊಳೆಯುವ ಬಟ್ಟೆ ಗಿರಣಿಗಳು ನಮ್ಮೂರ ಬೂಷ್ಟಿನ ಕಡೆಗೆ ಮುಖ ತಿರುಗಿಸಿದ್ದವು. ಬೂಷ್ಟು ಬೆಳೆಯುತ್ತ ತನ್ನ ಮೈಯಿಂದ ಬಿಡುವ ಕಿಣ್ವವೇ ಈ ರಸ.

"ದಾಂಡೇಲಿ ರಸ ಇಷ್ಟ ಗಂಜಿ ತಿನ್ನಾಕ ಮೂರು ಪಟ್ಟು ಹೊತ್ತು ತಗೋತೈತಿ. ಆ ಶೇಖಪ್ಪ ಮುಂಬಯಿದಾಗ ಕಲತಾಂವ, ಗಡ್ಡಾ ಕೆರಕೊಂಡು ಕುಂತ. ಮೆಟ್ರಿಕ್ ನಪಾಸಾದ ನಾನು ಮಾಡಿ ತೋರಿಸಿನಿ. ಹೆಂಗಂತೀರಿ? ತೊಟ್ಟಿ ಕದಡೂ ಪಂಖಾದ ಗತಿ. ಎಷ್ಟು ಜೋರ್ ತಿರಗಸಬೇಕು, ಎಲ್ಲಿ ನಿಲ್ಲಸಬೇಕು, ಅದು ಕೈಗೆ ಗೊತ್ತಿರಬೇಕು."

"ಹಂಗಾರ ಆ ಎರಡನೇ ತೊಟ್ಟಿಗೆ ಯಾಕ ಚಾಪಿ ಮುಚ್ಚೀರಿ?"

ನಾಗಲಿಂಗಪ್ಪನ ಕೈಯಲ್ಲಿ ಗ್ಲಾಸು ನಿಂತಿತು.

ಉಳವಪ್ಪ ಮೂಲೆಗೆ ನಡೆದು ಚಾಪೆ ಎತ್ತಿದ. ಒಳಗೆ ಲಿಂಬೆಹಣ್ಣಿನ ಗಾತ್ರದ ಉಂಡೆಗಳು, ಮೈತುಂಬ ರೋಮ ಎದ್ದು, ಬೆಕ್ಕಿನ ಮರಿಗಳ ಹಾಗೆ ಒಂದಕ್ಕೊಂದು ಒರಗಿ ತೇಲುತ್ತಿದ್ದವು. ಒಂದನ್ನು ಎತ್ತಿ ಹಿಸುಕಿದ. ಹಳದಿ ನೀರು ಚಿಮ್ಮಿ ನಾಗಲಿಂಗಪ್ಪನ ಧೋತರಕ್ಕೆ ಸಿಡಿಯಿತು.

"ಏ! ಮೈಮ್ಯಾಲೆ ಎಚ್ಚರ ಐತೇನ?"

"ಐತಿ. ಇದು ಹೊರಗ ಅಷ್ಟ ಜೀವಂತ ಐತಿ, ಒಳಗ ಕೊಳತೈತಿ. ದಾಂಡೇಲಿ ತೊಟ್ಟಿಯೊಳಗೂ ಹಿಂಥಾವ ಅದಾವು. ಇಲ್ಲಿ ಎರಡೂ ತೊಟ್ಟಿಗೆ ಅದ ನೀರು, ಬೂಷ್ಟು ತಿನ್ನೂ ಅದ ಹೊಟ್ಟು, ಅದ ಪಂಖಾ, ತಿರಗಸಾವ್ರೂ ನೀವ. ಆ ತೊಟ್ಟಿಯೊಳಗ ಸಾಬೂದಾಣಿ, ಈ ತೊಟ್ಟಿಯೊಳಗ ಲಿಂಬಿಕಾಯಿ. ನಿಮ್ಮ ಕೈ ಮಂಗಳವಾರ ಒಂದು ಥರಾ, ಬುಧವಾರ ಒಂದು ಥರಾ ಇರತೈತೇನ್ರಿ?"

ಶೇಖಪ್ಪನ ಪೀಕಲಾಟ ಇದೇ ಆಗಿತ್ತೆಂದು ಲಾಕಪ್ಪಿನ ಸರಳಿನಾಚೆಯಿಂದ ಸಾತಪ್ಪ ಹೇಳಿದ್ದ. ಬೂಷ್ಟನ್ನು ಅದರ ಪಾಡಿಗೆ ಬಿಟ್ಟರೆ ಉಂಡೆ ಕಟ್ಟುತ್ತದೆ. ಉಂಡೆಯ ಒಳಗೆ ಗಾಳಿ ಹೋಗುವುದಿಲ್ಲ, ತಿನ್ನಲು ಸಿಗುವುದಿಲ್ಲ, ತೊಗಲಿನಷ್ಟು ಭಾಗ ಮಾತ್ರ ರಸ ಕೊಡುತ್ತದೆ. ಉಂಡೆ ಕಟ್ಟದಂತೆ ಬಡಿದರೆ ಎಳೆ ಎಳೆಯಾಗಿ ಹಬ್ಬಿ, ಇಡೀ ತೊಟ್ಟಿ ಅಂಬಲಿಯಾಗಿ ಪಂಖವೇ ತಿರುಗುವುದಿಲ್ಲ. ಎರಡರ ನಡುವೆ ಒಂದು ರೂಪ ಬೇಕು. ಸಣ್ಣ ಕಾಳು, ಸಡಿಲ ಮೈ. ಅದಕ್ಕಾಗಿ ಶೇಖಪ್ಪ ಊಟ ಬಿಟ್ಟಿದ್ದ, ಕೂಲಿಗಳ ಮೇಲೆ ಹರಿಹಾಯುತ್ತಿದ್ದ. ಸಾಯುವ ದಿನ ಬೆಳಿಗ್ಗೆಯೂ, ಪಂಖ ತಡವಾಗಿ ಹಚ್ಚಿದನೆಂದು ಎಲ್ಲರೆದುರು ಸಾತಪ್ಪನ ಕಪಾಳಕ್ಕೆ ಹೊಡೆದಿದ್ದ.

ಆ ಹೊಡೆತವೇ ಈಗ ಸಾತಪ್ಪನ ಕೊರಳಿಗೆ ಬಿದ್ದಿತ್ತು. ಅವತ್ತೇ ದೀಪ ಹಚ್ಚುವ ಹೊತ್ತಿಗೆ ಹೊಳೆಯ ಸೇತುವೆಯ ಮೇಲೆ ಶೇಖಪ್ಪನ ಬೆಂಡಿನ ಹ್ಯಾಟು ಹೋಗುವುದನ್ನು, ಅದರ ಹಿಂದೆ ಸ್ವಲ್ಪ ದೂರದಲ್ಲಿ ಸಾತಪ್ಪ ಹೋಗುವುದನ್ನು ಕಂಡವರಿದ್ದರು. ಪೊಲೀಸರಿಗೆ ಮತ್ತೇನೂ ಬೇಕಾಗಿರಲಿಲ್ಲ.

ಉಳವಪ್ಪ ಕಿಸೆಯಿಂದ ಕ್ಷೌರದ ಬ್ಲೇಡು ತೆಗೆದ. ಸಾಬೂದಾಣಿಯ ಒಂದು ಕಾಳನ್ನು ಉಗುರಿನ ಮೇಲಿಟ್ಟು ನಡುವೆ ಸೀಳಿದ.

"ಬರ್ರಿ ಇಲ್ಲಿ. ಹತ್ತರ ಬರ್ರಿ. ಏನ್ ಕಾಣತೈತಿ?"

ನಾಗಲಿಂಗಪ್ಪ ಬರಲಿಲ್ಲ. ಉಳವಪ್ಪನೇ ಕೈಯನ್ನು ಅವನ ಮೂಗಿನ ಕೆಳಗೆ ಹಿಡಿದ. ಬಿಳಿಯ ಕಾಳಿನ ಹೊಟ್ಟೆಯಲ್ಲಿ, ಹೆಸರುಕಾಳಿನ ಮೂತಿಗಿಂತ ಚಿಕ್ಕದೊಂದು ಕರಿ ಚುಕ್ಕೆ. ಇನ್ನೊಂದು ಸೀಳಿದ. ಚುಕ್ಕೆ. ಮತ್ತೊಂದು. ಚುಕ್ಕೆ. ಬ್ಲೇಡಿನ ತುದಿಯಿಂದ ಚುಕ್ಕೆಗಳನ್ನು ಕೆದರಿ, ಸಾವುಕಾರನ ಧೋತರದ ಅಂಚು ಎಳೆದು ಅದಕ್ಕೇ ಒರೆಸಿದ. ಕಾಡಿಗೆಯ ಗೀರಿನಂತೆ ಕಲೆ ಎದ್ದಿತು.

"ಇದ್ದಲಿ," ಎಂದ ಉಳವಪ್ಪ. "ಹುಡಿ ಇದ್ದಲಿ. ಕಾಳಿಗೊಂದು ಕಣ. ಬೂಷ್ಟು ಆ ಕಣ ಹಿಡಕೊಂಡು ಬೆಳದೈತಿ. ಹಿಡಕೊಳ್ಳಾಕ ಸಾವಿರ ಕಣ ಸಿಕ್ಕಾವು, ಅದಕ್ಕ ಒಂದ ಕಡೆ ಗುಂಪುಗೂಡಿ ಉಂಡಿ ಆಗಿಲ್ಲ. ನಿಮ್ಮ ಪಂಖಾ ಅಲ್ಲ ಸಾವ್ಕಾರ್ರ, ನಿಮಗ ಈ ರಸ ಕೊಟ್ಟಿದ್ದು ಒಂದು ತುಣುಕು ಇದ್ದಲಿ. ಅದು ನಿಮಗ ಗೊತ್ತ ಇಲ್ಲ. ಎರಡನೇ ತೊಟ್ಟಿ ಇದರ ನೀರಿನಿಂದ ಬೆಳಸೀರಿ, ಅದಕ್ಕ ಇದ್ದಲಿ ಹೋಗಿಲ್ಲ; ಗೊತ್ತಿದ್ರ ಅದಕ್ಕೂ ಹಾಕತಿದ್ರಿ."

ನಾಗಲಿಂಗಪ್ಪನ ಕಣ್ಣು ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ಹರಿಯಿತು. ಅಲ್ಲಿ ಮೊದಲು ಕಂಡದ್ದು ಆಸೆ. ಭಯ ಆಮೇಲೆ ಬಂತು. ಉಳವಪ್ಪ ಅದನ್ನು ಲೆಕ್ಕಕ್ಕೆ ಹಿಡಿದ.

"ಇರಲಿ ಬಿಡ್ರಿ. ಬಾಯ್ಲರ್ ಬೂದಿ ಹಾರಿ ಬಿದ್ದಿರಬೇಕು."

"ಬೂದಿ ಅಲ್ಲ, ಇದ್ದಲಿ. ನಿಮ್ಮ ಶೆಡ್ಡಿನ್ಯಾಗ ಬಾಯ್ಲರ್ರೂ ಇಲ್ಲ. ಇದು ಹೆಪ್ಪಿನ ಜೋಡಿ ದಾಂಡೇಲಿಯಿಂದ ಬಂದೈತಿ."

ತೊಟ್ಟಿಗೆ ಸುರಿಯುವ ಬೂಷ್ಟಿನ ಬೀಜದ ನೀರಿಗೆ ಕೂಲಿಗಳು ಇಟ್ಟ ಹೆಸರು ಹೆಪ್ಪು. ಗಾಜಿನ ಬುರುಡೆಯಲ್ಲಿ, ಬಾಯಿಗೆ ಅರಳೆ ತುರುಕಿ ಇಟ್ಟಿರುತ್ತಿದ್ದರು. ಹಾಲಿಗೆ ಒಂದು ಹನಿ ಮಜ್ಜಿಗೆ ಹೇಗೋ, ತೊಟ್ಟಿಗೆ ಅದು ಹಾಗೆ.

"ನೀವು ಪೊಲೀಸರಿಗೆ ಏನ್ ಬರಸೀರಿ?" ಉಳವಪ್ಪ ಬ್ಲೇಡು ಒರೆಸಿ ಕಿಸೆಗೆ ಇಳಿಸಿದ. "ಅವತ್ತ ಮಧ್ಯಾನ ಶೇಖಪ್ಪ ತನ್ನ ಕೈಯಾರ ಹೆಪ್ಪು ಕೊಟ್ಟ, ತಗೊಂಡು ಜೀಪಿನ್ಯಾಗ ಮುಂಡಗೋಡಕ್ಕ ಬಂದೆ, ದೀಪದ ಹೊತ್ತಿನ್ಯಾಗ ನಾನು ದಾಂಡೇಲಿಯೊಳಗ ಇರಲಿಲ್ಲ. ಹೌದಲ್ಲೋ?"

"ಹೌದು. ಅದ ಖರೇ."

"ಅದ ಸುಳ್ಳ. ನೀವು ಹೆಪ್ಪು ತಂದದ್ದು ದೀಪ ಹಚ್ಚಿದ ಮ್ಯಾಲೆ."

"ಯಾಂವ ಹೇಳಿದ?"

"ಈ ಇದ್ದಲಿ."

ಉಳವಪ್ಪನಿಗೆ ತನ್ನ ತಾಯಿ ನೆನಪಾದಳು. ಸಂಜೆ ದೀಪ ಹಚ್ಚಿದ ಮೇಲೆ ನೆರೆಮನೆಯವರು ಹೆಪ್ಪು ಕೇಳಿ ಬಂದರೆ ಆಕೆ ಇಲ್ಲವೆನ್ನುತ್ತಿರಲಿಲ್ಲ. ಒಲೆಯ ಮುಂದೆ ಕುಕ್ಕರಿಸಿ, ಚಿಮಟಿಗೆಯಲ್ಲಿ ಒಂದು ಕೆಂಡ ಎತ್ತಿ, ಬಟ್ಟಲಿಗೆ ಬಿಡುತ್ತಿದ್ದಳು. ಚುಂಯ್ ಎನ್ನುತ್ತಿತ್ತು. ಆಮೇಲೆಯೇ ಬಟ್ಟಲು ಹೊಸ್ತಿಲು ದಾಟಬೇಕು. ಇಲ್ಲದಿದ್ದರೆ ಮನೆಯ ಹೈನು ಬತ್ತುತ್ತದೆ. ತಣ್ಣನೆಯ ನೀರಿಗೆ ಬಿದ್ದ ಕೆಂಡ ಸಿಡಿದು ಹುಡಿಯಾಗುತ್ತದೆ. ಬೆಂಕಿಯಲ್ಲಿ ಸುಟ್ಟು ಬಂದದ್ದರಿಂದ ಅದರ ಮೇಲೆ ಬೇರೆ ಬೂಷ್ಟಿನ ಸೋಂಕೂ ಇರುವುದಿಲ್ಲ.

"ಹಳಿಯಾಳ ಸೀಮ್ಯಾಗ ಹುಟ್ಟಿದವರು ನೀವೂ, ನಾನೂ," ಎಂದ. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗ ಹೊಂಟ್ರ ಅದಕ್ಕ ಕೆಂಡ ಹಾಕತಾರ. ಹಗಲೊತ್ತಿನ್ಯಾಗ ಯಾರೂ ಹಾಕೂದಿಲ್ಲ. ದಾಂಡೇಲಿ ಕಾರ್ಖಾನ್ಯಾಗ ಕಸಾ ಹೊಡಿಯೂ ಕಾಶೆವ್ವ ನಮ್ಮ ಕಡೆ ಮುದುಕಿ. ಬಾಯ್ಲರ್ ಬಾಯಿಂದ ಕೆಂಡ ತಗದು ಹಾಕ್ಯಾಳ, ನಿಮ್ಮ ಕೈಗೆ ಬುರಡಿ ಕೊಟ್ಟಾಳ. ಅಂದ್ರ ಶೇಖಪ್ಪ ಸಾಯೂ ಹೊತ್ತಿನ್ಯಾಗ ನೀವು ಅಲ್ಲೇ ಇದ್ರಿ. ಅಂವಗ ಗೊತ್ತಾಗದಂಗ ಹೆಪ್ಪು ಕದಿಯಾಕ ಬಂದಿದ್ರಿ. ಅಂವ ನೋಡಿದ. ಬೆನ್ನ ಹತ್ತಿದ. ಸೇತುವೆ ತನಕ ಬಂದ."

"ಬಾಯಿ ಮುಚ್ಚ!"

"ನಾಳೆ ಕಾರವಾರದಾಗ ಕಾಶೆವ್ವ ಜಡ್ಜಸಾಹೇಬ್ರ ಮುಂದ ಇದನ್ನ ಹೇಳಿದ್ರ, ಸಾತಪ್ಪನ ಬೇಡಿ ಯಾರ ಕೈಗೆ ಬೀಳತೈತಿ ನೋಡ್ರಿ."

ಪಂಖ ತಿರುಗಿಸುವ ಎಂಜಿನ್ನು ಗುಡುಗುಡು ಎನ್ನುತ್ತಲೇ ಇತ್ತು. ನಾಗಲಿಂಗಪ್ಪ ಹೋಗಿ ಅದನ್ನು ನಿಲ್ಲಿಸಿದ. ತೊಟ್ಟಿಯ ಪಂಖ ಒಂದು ಸುತ್ತು ಅಲುಗಿ ನಿಂತಿತು. ಆ ಮೌನದಲ್ಲಿ ಅವನು ತಿರುಗಿದಾಗ ಮುಖದಲ್ಲಿ ಹೆದರಿಕೆ ಇರಲಿಲ್ಲ. ಪಂದ್ಯದಲ್ಲಿ ಎದುರಾಳಿಯ ಕಾಲು ಜಾರಿದ್ದನ್ನು ಕಂಡ ಜಟ್ಟಿಯ ಕಳೆ ಇತ್ತು.

"ಕಾಶೆವ್ವ ಆ ವಾರ ಉಳವಿ ಜಾತ್ರಿಗೆ ಹೋಗಿದ್ಲು. ಹತ್ತು ಮಂದಿ ಜೋಡಿ ಹೋಗಿದ್ಲು. ಕೇಳ್ರಿ, ಹತ್ತೂ ಮಂದಿ ಹೇಳತಾರ."

ಉಳವಪ್ಪ ಮಡಚಿದ್ದ ತೋಳು ಇಳಿಸಿಕೊಂಡ.

"ಖರೇ ಹೇಳಲೇನ? ಹೇಳತೀನಿ. ಶೇಖಪ್ಪ ನನಗ ಹೆಪ್ಪು ಕೊಡಲಿಲ್ಲ. ಅವನ ಮುಖಾನೂ ನಾ ನೋಡಲಿಲ್ಲ. ಕಳವು ಅಂತೀರಿ? ಅನ್ರಿ. ಅರ್ಧ ಕಾರ್ಖಾನೆ ನಂದು. ನನ್ನ ಹೆಪ್ಪು ನಾ ತಂದೆ. ಅಂವ ಕೊಟ್ಟ ಅಂತ ಯಾಕ ಬರಸಿದೆ? ಸತ್ತಾಂವ ಬಂದು ಇಲ್ಲ ಅನ್ನೂದಿಲ್ಲ, ಅದಕ್ಕ. ಆದ್ರ ಹೊತ್ತು ಮಾತ್ರ ಸುಳ್ಳ ಬರಸಿಲ್ಲ. ಮಧ್ಯಾನ. ಸುಡು ಬಿಸಿಲು. ಯಲ್ಲಾಪುರದ ನಾಕಾದಾಗ ಜೀಪ್ ನಿಲ್ಲಿಸಿದ್ರು, ಪೊಲೀಸರ ಕೈಯಾಗ ಚಹಾ ಕುಡದೀನಿ. ಬಿಸಿಲು ಇನ್ನೂ ಗಿಡದ ಮ್ಯಾಲಿತ್ತು."

"ಹಂಗಾರ ಬುರಡಿ ನಿಮ್ಮ ಕೈಗೆ ಕೊಟ್ಟಾವ್ರು ಯಾರು?"

"ಒಬ್ಬ ಹೆಣಮಗಳು. ಹೆಪ್ಪು ಇಡೂ ಕೋಲಿಗೆ ಹೋಗಿ ಒಂದು ಬುರಡಿ ತಗೊಂಡು ಬಾ ಅಂದೆ. ಹೋದ್ಲು. ಭಾಳ ಹೊತ್ತು ಬರಲಿಲ್ಲ. ಕೂಗಿದೆ. ಬಾಯ್ಲರ್ ಕಡಿಂದ ಬಂದ್ಲು, ಕೈ ನಡಗತಿತ್ತು. ನನ್ನ ಕಂಡ್ರ ಕೂಲಿಯವರು ನಡಗತಾರ, ಅದರಾಗೇನ ಅಂತ ಬುರಡಿ ಕಸಗೊಂಡು ಬಂದೆ."

"ಯಾವ ಹೆಣಮಗಳು?"

ನಾಗಲಿಂಗಪ್ಪ ಈಗ ನಿಜವಾಗಿ ನಕ್ಕ. ಎಲೆಅಡಿಕೆಯ ಕೆಂಪು ಒಸಡಿನವರೆಗೂ ಕಂಡಿತು.

"ಹುಣಸಿಗಿಡದ ಕೆಳಗ ಕುಂದರಿಸಿ ಬಂದೀರಲ್ಲ, ಆಕಿನ್ನ ಕೇಳ್ರಿ."

ಉಳವಪ್ಪ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ರಾಚಿತು. ಯಲ್ಲವ್ವ ಕೂತಲ್ಲೇ ಇದ್ದಳು, ಮೊಣಕಾಲಿಗೆ ಗದ್ದ ಊರಿ. ಗೋಕಾಕದ ಕಡೆಯವಳು. ಗಂಡನ ಜೊತೆ ದಾಂಡೇಲಿಗೆ ಬಂದು, ಕಾರ್ಖಾನೆಯಲ್ಲಿ ಬುರುಡೆ, ಬಾಟಲಿ ತೊಳೆಯುವ ಕೆಲಸ ಹಿಡಿದಿದ್ದಳು. ಕೊಲೆಯ ದಿನ ತಾನು ಹಳಿಯಾಳದ ಸಂತೆಗೆ ಹೋಗಿದ್ದೆನೆಂದು ವಕೀಲರ ಜಗಲಿಯಲ್ಲಿ ಹೇಳಿದ್ದಳು. ಉಳವಪ್ಪ ಅದನ್ನು ಎರಡನೆಯ ಸಲ ಕೇಳಿರಲಿಲ್ಲ. ಅಳುವ ಹೆಂಗಸನ್ನು ಎರಡನೆಯ ಸಲ ಕೇಳದಿರುವುದು ಅವನ ಹಳೆಯ ಕುಂದು.

"ಯಲ್ಲವ್ವಾ, ನೀ ಅವತ್ತ ಸಂತಿಗೆ ಹೋಗಿರಲಿಲ್ಲ."

ಅವಳು ತಲೆ ಎತ್ತಿ ಅವನನ್ನು, ಆಮೇಲೆ ಶೆಡ್ಡನ್ನು ನೋಡಿದಳು. "ಆ ಸಾವ್ಕಾರ ಹೇಳಿದನ್ರಿ?"

"ಬುರಡಿಗೆ ಕೆಂಡ ಹಾಕಿದಾಕಿ ನೀನು?"

"ಹೂನ್ರಿ."

ಉಳವಪ್ಪನ ಲೆಕ್ಕ ಮತ್ತೆ ಕೂಡಿತು. ಕಾಶೆವ್ವ ಅಲ್ಲದಿದ್ದರೆ ಈಕೆ. ಕೆಂಡ ಬಿದ್ದದ್ದಂತೂ ನಿಜ. ಸಾವುಕಾರ ಹೊತ್ತಿನ ವಿಷಯದಲ್ಲಿ ಇನ್ನೂ ಸುಳ್ಳೇ ಹೇಳುತ್ತಿರಬೇಕು.

"ಹಂಗಾರ ದೀಪ ಹಚ್ಚಿದ ಮ್ಯಾಲೆ ಕೊಟ್ಟಿ, ಹೌದಲ್ಲೋ? ಹೆದರಬ್ಯಾಡ. ಅದೊಂದು ಮಾತು ಹೇಳು, ನಿನ್ನ ಗಂಡ ಹೊರಗ ಬರತಾನ."

ಯಲ್ಲವ್ವ ಅವನ ಮುಖವನ್ನು ಅರ್ಥವಾಗದವಳಂತೆ ನೋಡಿದಳು. "ದೀಪಕ್ಕೂ ಕೆಂಡಕ್ಕೂ ಏನ್ ಸಂಬಂಧರಿ ಸಾಹೇಬ್ರ?"

"ಸಂಜಿ ಮುಂದ ಹೆಪ್ಪು ಕೊಡುವಾಗ ಕೆಂಡ ಹಾಕೂದಿಲ್ಲೇನ?"

"ಅದು ನಿಮ್ಮ ಕಡೆ ಇರಬೇಕ್ರಿ. ನಮ್ಮ ಕಡೆ ಸಂಜಿ ಮುಂದ ಬರೇ ಒಂದು ಮೆಣಸಿನಕಾಯಿ ಹಾಕತೀವಿ." ಅವಳ ದನಿ ಇಳಿಯಿತು. "ಕೆಂಡ ಹಾಕೂದು ಬ್ಯಾರೇದಕ್ಕ. ಒಳಗ ಹೆಣ ಇದ್ದ ಮನಿಯಿಂದ ಹೆಪ್ಪು ಹೊರಗ ಹೋಗಬಾರದ್ರಿ. ಹೋಗೂದ ಆದ್ರ, ಕೆಂಡ ಹಾಕಿ ಕೊಡಬೇಕು."

ಹುಣಸೆಯ ಎಲೆಗಳ ನಡುವೆ ಎಲ್ಲೋ ಒಂದು ಗುಬ್ಬಿ ಚೀರುತ್ತಿತ್ತು. ಉಳವಪ್ಪ ಅವಳ ಎದುರು ಮಣ್ಣಿನಲ್ಲೇ ಕುಕ್ಕರಿಸಿದ.

"ಬಿಡಿಸಿ ಹೇಳು."

"ಸಾವ್ಕಾರ ಬುರಡಿ ತಾ ಅಂದ. ಕೋಲಿಯೊಳಗ ಹೋದೆ. ಕೆಮಿಸ್ಟ್ ಸಾಹೇಬ್ರು ಕಪಾಟಿನ ಬುಡದಾಗ ಬಿದ್ದಿದ್ರು. ಕಣ್ಣು ತೆರದಿದ್ವು. ಮೂಗಿಗೆ ಕೈ ಹಿಡದೆ. ಇರಲಿಲ್ರಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮ್ಯಾಲೆ ಬಿಸಿಲಿತ್ತು. ಊಟದ ಭೋಂಗಾ ಆಗ ಹೊಡದಿತ್ತು. ಸಾವ್ಕಾರ ಹೊರಗ ಬೈಕೋತ ನಿಂತಿದ್ದ. ಬುರಡಿ ಹೆಂಗ ಕೊಡಲಿ, ಹೆಂಗ ಬಿಡಲಿ ಅಂತ ತಿಳೀಲಿಲ್ಲ. ಬಾಯ್ಲರ್ ಕಡೆ ಓಡಿದೆ."

ಮಧ್ಯಾಹ್ನವೇ ಸತ್ತವನ ಹ್ಯಾಟು ದೀಪದ ಹೊತ್ತಿಗೆ ಸೇತುವೆಯ ಮೇಲೆ ನಡೆದುಹೋಗಿತ್ತು. ಹ್ಯಾಟಿನ ಕೆಳಗಿದ್ದದ್ದು ಬೇರೆ ಯಾರದೋ ತಲೆ. ಅದರ ಹಿಂದೆ ಸಾತಪ್ಪ ಹೋಗಿದ್ದ.

ಉಳವಪ್ಪನಿಗೆ ಇನ್ನು ಕೇಳಬಾರದ ಪ್ರಶ್ನೆ ಒಂದೇ ಉಳಿದಿತ್ತು. ಕೇಳಿದ.

"ಊಟದ ಹೊತ್ತಿನ್ಯಾಗ ತೊಟ್ಟಿ ಕಡೆ ಯಾರಿದ್ರು?"

"ಎಲ್ಲಾರೂ ಉಣ್ಣಾಕ ಹೋಗಿದ್ರು. ಪಂಖಾ ಬಿಟ್ಟು ಹೋಗಂಗಿಲ್ಲ ಅಂತ ಒಬ್ಬರು ಇರಬೇಕ್ರಿ." ಅವಳು ನೆಲ ನೋಡಿದಳು. "ನನ್ನ ಗಂಡ ಇದ್ದ. ಅಂವಗ ಬುತ್ತಿ ತಗೊಂಡ ನಾ ಹೋಗಿದ್ದು."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬರತಿದ್ರೇನ್ರಿ?"

"ಸಾತಪ್ಪನ್ನ ಬಿಡಸಬೇಕು ಅಂತ ಬಂದಾಕಿ ನೀನು..."

"ಬಿಡಸ್ರಿ ಅಂತ ವಕೀಲರ ಮುಂದ ಅಂದೆ. ಹಂಗ ಅನ್ನಬೇಕಲ್ರಿ ಹೇಣ್ತಿ ಆದಾಕಿ." ಅವಳ ಕಣ್ಣು ಒಣಗಿದ್ದವು. "ಅವತ್ತಿಂದ ಅಂವ ನನ್ನ ಮುಖಾ ನೋಡಿಲ್ಲ. ನಾ ಅವಂದು ನೋಡಿಲ್ಲ. ಕೊಂದಾನೋ ಇಲ್ಲೋ ನನಗ ತಿಳೀವಲ್ದು. ಅದನ್ನ ತಿಳಕೊಳ್ಳಾಕ ನಿಮ್ಮ ಬೆನ್ನ ಹತ್ತಿದೆ."

ಗೋಡೆಯ ಮರೆಯಲ್ಲಿ ಚಪ್ಪಲಿಯ ಸದ್ದಾಯಿತು. ಉಳವಪ್ಪ ತಿರುಗುವಷ್ಟರಲ್ಲಿ ನಾಗಲಿಂಗಪ್ಪನ ಧೋತರದ ಅಂಚು ಶೆಡ್ಡಿನ ಹಿಂಬದಿಗೆ ಮರೆಯಾಯಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮರುಗಳಿಗೆ ಜೀಪು ಕೆಮ್ಮಿ ಗುರುಗುಟ್ಟಿತು. ಧೂಳೆಬ್ಬಿಸಿಕೊಂಡು ಅಂಗಳಕ್ಕೆ ತಿರುಗಿ ನಿಂತಿತು.

"ಗಿರಣಿಯವರು ಬಂದ್ರ ಕುಂದರಿಸ್ರಿ ಫೌಜದಾರ್ರ," ನಾಗಲಿಂಗಪ್ಪ ಸ್ಟಿಯರಿಂಗಿನ ಮೇಲಿಂದ ಕೂಗಿದ. "ನಾ ಹಳಿಯಾಳ ಠಾಣೇಕ್ಕ ಹೋಗಿ ಬರತೀನಿ. ಇದ್ದಲಿ ಕೆಲಸ ಇನ್ನೂ ಮುಗದಿಲ್ಲ. ಅದು ಸಾತಪ್ಪನ ಹಗ್ಗಕ್ಕೂ ಎಣ್ಣಿ ಸವರತೈತಿ!"

ಉಳವಪ್ಪ ಎದ್ದು ಅಡ್ಡ ಓಡಿದ. ಯಲ್ಲವ್ವ ಅವನಿಗಿಂತ ಮುಂದಿದ್ದಳು. ಜೀಪಿನ ಮುಂದೆ ನಿಂತುಬಿಡುತ್ತಾಳೆಂದು ಅವನು ನಂಬಿದ. ಅವಳು ಬಾನೆಟ್ಟಿನ ಪಕ್ಕದಿಂದ ಸರಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟು ಹತ್ತಿ ಕೂತಳು.

"ನಡೀರಿ ಸಾವ್ಕಾರ್ರ," ಎಂದಳು. "ಅಂವನ್ನ ಕಾರವಾರಕ್ಕ ಒಯ್ಯೂದ್ರಾಗ ಹೋಗೂಣು. ಅವನ ಮುಖಾ ನೋಡಿ ಕೇಳಬೇಕು."